ಬಾಯಾರು ಒಗೆದ ಕಂಬಳಿ

ಮೊನ್ನೆ ಸೊಲ್ಲಾಪುರದಲ್ಲಿ ಹೇಳದೆ ಕೇಳದೆ ಮಳೆ ಬಂತು. ಬಿಸಿಲಿಗೆಂದು ಮನೆ ಮುಂದಿನ ಗ್ಯಾಲರಿಯ ಸರಳಿನ ಮೇಲೆ ಹಾಕಿದ್ದ ಕರಿ ಕಂಬಳಿ ನಾನು ಆಫೀಸಿನಿಂದ ಬರುವಷ್ಟರಲ್ಲಿ ನೆನೆದಿತ್ತು. ಮಗಳು ಅದನ್ನು ಎಳೆದು ತಂದು ಕುರ್ಚಿಯ ಬೆನ್ನಿಗೆ ಹಾಕಿದ್ದಳು. ಬಾಗಿಲು ತೆಗೆದೊಡನೆ ಆ ವಾಸನೆ... ಒದ್ದೆ ಉಣ್ಣೆಯದು, ಕುರಿಯದು, ಅದರೊಳಗೆ ಎಲ್ಲೋ ಸ್ವಲ್ಪ ಹುಣಸೆ ಬೀಜದ ಗಂಜಿಯದು. ಮಗಳು ಮೂಗು ಹಿಡಿದುಕೊಂಡು, “ಮಮ್ಮಿ, ಇಡೀ ಮನಿ ಕುರಿ ದೊಡ್ಡಿ ಆಗೇತಿ” ಎಂದಳು. ನನಗೆ ಚಪ್ಪಲಿ ಬಿಡುವುದೇ ಮರೆತುಹೋಯಿತು. ಅಡುಗೆಮನೆ, ದೇವರ ಮಾಡ, ಹಾಸಿಗೆಯ ದಿಂಬು, ಎಲ್ಲದರೊಳಗೂ ಆ ವಾಸನೆ ಹೊಕ್ಕು ಕೂತಿತ್ತು. ಹೀಗೆ ಹೊಕ್ಕು ಹರಡುವುದಕ್ಕೆ ಇಂಗ್ಲಿಷಿನಲ್ಲಿ ಪರ್ಮಿಯೇಟ್ ಎಂಬ ಶಬ್ದವಿದೆ. ಅದನ್ನು ನನಗೆ ಕಲಿಸಿದವರ ಕಂಬಳಿ ಅದು.

ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಎನ್ನುವುದು ರೂಢಿ. ನಮ್ಮ ಇಂಗ್ಲಿಷ್ ಬಾಯಾರು ಸೊಲ್ಲಾಪುರದವರು. ಅವರ ಮಾವ, ಗಂಡ ಇಬ್ಬರೂ ಕಚೇರಿ ಕೆಲಸದವರು. ಮನೆಯಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡವಂತೆ. ತೊಂಬತ್ತರ ದಶಕದ ಮೊದಲ ವರ್ಷಗಳವು. ದಿನಾ ಬೆಳಿಗ್ಗೆ ಎಸ್.ಟಿ. ಬಸ್ಸು ಹತ್ತಿ ಅಕ್ಕಲಕೋಟೆಯ ನಮ್ಮ ಹೈಸ್ಕೂಲಿಗೆ ಬರುತ್ತಿದ್ದರು. ಎತ್ತರದ ಸಣಕಲು ದೇಹ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಹೆಗಲಿಗೆ ರೆಕ್ಸಿನ್ ಚೀಲ. ಛತ್ರಿಯೊಂದು ಮಾತ್ರ ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮಳೆಗಾಲ ಶುರುವಾದಾಗ ಹೊಸದು ಕೊಳ್ಳುವರು, ಅದು ಬಸ್ಸಿನ ಸೀಟಿನ ಕೆಳಗೇ ಉಳಿದು ಪಂಢರಪುರಕ್ಕೋ ತುಳಜಾಪುರಕ್ಕೋ ಹೋಗಿಬಿಡುವುದು. “ನನ್ನ ಛತ್ರಿಗಿರೋ ಪುಣ್ಯ ನನಗಿಲ್ಲ” ಎಂದು ತಾವೇ ನಗುತ್ತಿದ್ದರು.

ಪಾಠದಲ್ಲಿ ಹೊಸ ಶಬ್ದ ಬಂದರೆ ಅದರ ಅರ್ಥವನ್ನು ಅವರು ಗೈಡಿನಿಂದ ಬರೆಸುತ್ತಿರಲಿಲ್ಲ. ಆ ಶಬ್ದ ಹಾಕಿ ಮರುದಿನ ಎಲ್ಲರೂ ತಮ್ಮ ಮನೆಯಿಂದ ಒಂದು ವಾಕ್ಯ ತರಬೇಕು. ಮನೆಯಿಂದ ಎಂದರೆ ಮನೆಯಿಂದಲೇ. ಒಲೆ, ಎಮ್ಮೆ, ಅಪ್ಪನ ಸಿಟ್ಟು, ಯಾವುದಾದರೂ ನಡೆಯುತ್ತದೆ, ಆದರೆ ಲಂಡನ್ನಿನ ಸೇತುವೆ ನಡೆಯದು. ಎದ್ದು ನಿಂತು ವಾಕ್ಯ ಹೇಳಬೇಕು. ವ್ಯಾಕರಣ ಸರಿಯಿದ್ದರೆ “ಕರೆಕ್ಟ್ ಐತಿ” ಎನ್ನುವರು. ವಾಕ್ಯ ನಿಜಕ್ಕೂ ಹೇಳಿದವರ ಮನೆಯದೇ ಎಂದು ಮನಸ್ಸಿಗೆ ಬಂದರೆ ಮಾತ್ರ “ನಿಂದ ಐತಿ, ಕುಂದರು” ಎನ್ನುವರು. ಅದನ್ನು ಕೇಳುವವರೆಗೆ ನಿಂತೇ ಇರಬೇಕು, ಬೇಕಾದರೆ ಗಂಟೆ ಹೊಡೆಯುವವರೆಗೂ. ಪರೀಕ್ಷೆಯ ಮಾರ್ಕಿಗಿಂತ ನಮಗೆ ಆ ಮಾತೇ ದೊಡ್ಡದಾಗಿತ್ತು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಪರ್ಮಿಯೇಟ್ ಬಂತು. ನಾವೆಲ್ಲ ಒಂದೇ ಉಸಿರಿಗೆ ಹರಡುವುದು ಎಂದೆವು. ಬಾಯಾರು ತಲೆ ಅಲ್ಲಾಡಿಸಿದರು.

“ಹರಡೂದಂದ್ರ ಚಾದರ ಹಾಸಿದಂಗ, ಮ್ಯಾಲ ಅಷ್ಟ. ಇದು ಹಂಗಲ್ಲ. ಇದು ಒಳಗ ಹೊಕ್ಕು ಎಲ್ಲಾ ಕಡೆ ಮುಟ್ಟತೈತಿ.”

ಸೊಲ್ಲಾಪುರದಲ್ಲಿ ನಾಲ್ಕಾರು ಸಂಸಾರಗಳು ಒಟ್ಟಿಗಿದ್ದ ಅವರ ವಾಡೆಯ ಪಕ್ಕದಲ್ಲೇ ನೂಲಿಗೆ ಬಣ್ಣ ಹಾಕುವ ಕಾರಖಾನೆ ಇತ್ತು. ಅಲ್ಲಿನ ಗಟಾರದಲ್ಲಿ ಒಂದು ದಿನ ಕೆಂಪು ನೀರು, ಒಂದು ದಿನ ಹಸಿರು. ಅಲ್ಲಿಂದ ತಂದಿದ್ದ ಎರಡು ದಾರಗಳನ್ನು ಕತ್ತರಿಸಿ ತೋರಿಸಿದರು. ಒಂದರ ಹೊಟ್ಟೆ ಬೆಳ್ಳಗೇ ಉಳಿದಿತ್ತು, ಇನ್ನೊಂದು ನಡುವಿನವರೆಗೂ ಕೆಂಪಾಗಿತ್ತು. ಎರಡನೆಯದರಲ್ಲಿ ಬಣ್ಣ ಪರ್ಮಿಯೇಟ್ ಆಗಿದೆ ಎಂದರು. ವಾಸನೆಗೂ ಇದೇ ಶಬ್ದ, ನೀರಿಗೂ ಇದೇ. ಮನೆಯಲ್ಲಿ ಕಾಯಿಲೆಯವರಿದ್ದಾಗ ಎಲ್ಲರೊಳಗೂ ಇಳಿಯುವ ಹೆದರಿಕೆಗೂ ಇದೇ. ಆಶೆಗೂ ಇದೇ ಎಂದು ಕೊನೆಗೆ, ಚೀಲ ಎತ್ತಿಕೊಳ್ಳುತ್ತ, ಹೇಳಿ ಹೋದರು.

ಈ ಶಬ್ದ ನನಗೆ ಬೇಡವಾಗಿತ್ತು. ನಮ್ಮೂರು ಕರಜಗಿ, ನಮ್ಮದು ಕುರಿ ಸಾಕುವ ಮನೆತನ, ಮನೆದೇವರು ಬೀರೋಬಾ. ಮಳೆಗಾಲದಲ್ಲಿ ಎಳೆಯ ಮರಿಗಳನ್ನು ಮನೆಯೊಳಗೇ ಬುಟ್ಟಿ ಮುಚ್ಚಿ ಇಡುತ್ತಿದ್ದೆವು. ಆ ಬುಟ್ಟಿಗಳ ಮೇಲಿನ ಗೂಟಕ್ಕೇ ನನ್ನ ಯೂನಿಫಾರ್ಮು. ಎಷ್ಟು ಸಾಬೂನು ತಿಕ್ಕಿದರೂ ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು. ಶಾಲೆಯಲ್ಲಿ ನಾನಾಗಿಯೇ ಹಿಂದಿನ ಕಿಟಕಿಯ ಪಕ್ಕದ ಬೆಂಚು ಹಿಡಿದಿದ್ದೆ, ಗಾಳಿಯಾಡಲಿ ಎಂದು. ಓದಿನಲ್ಲಿ ನಾನು ಕಡಿಮೆಯೇನೂ ಇರಲಿಲ್ಲ. ಕಾಲೇಜಿಗೆ ಹೋಗಬೇಕು, ಸೊಲ್ಲಾಪುರದಲ್ಲಿ ನೌಕರಿ ಮಾಡಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ.

ಮರುದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕೋರ್ಟಿನ ಕ್ಲಾರ್ಕರ ಮಗಳು, ಇಂಗ್ಲಿಷಿನಲ್ಲಿ ಚುರುಕು. ಕುರಿಯ ವಾಸನೆ ನಮ್ಮ ತರಗತಿಯೊಳಗೆಲ್ಲ ಪರ್ಮಿಯೇಟ್ ಆಗಿದೆ ಎಂಬ ವಾಕ್ಯವನ್ನು ಒಂದು ತಪ್ಪೂ ಇಲ್ಲದೆ ಹೇಳಿದಳು. ತರಗತಿ ಗೊಳ್ಳೆಂದಿತು. ಬಾಯಾರು ಬೈದಾರು ಎಂದು ಕಾದೆ. ಅವರು “ಕರೆಕ್ಟ್ ಐತಿ” ಎಂದರು. ನಾನು ಬೆಂಚಿನ ಮೇಲೆ ತಲೆ ಇಟ್ಟವಳು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ. ಆ ಹುಡುಗಿಯ ಮಾತಿಗಿಂತ ಬಾಯಾರ ಮಾತೇ ಹೆಚ್ಚು ಚುಚ್ಚಿತ್ತು.

ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಕಾರಣ ಮನೆಯಲ್ಲಿ ಹೇಳುವುದಾದರೂ ಹೇಗೆ? ನಿಮ್ಮ ವಾಸನೆಗೆ ನಾಚಿಕೆಯಾಯಿತು ಎಂದು ಅಪ್ಪನ ಮುಂದೆ ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಓದು ತಲೆಗೆ ಹತ್ತುತ್ತಿಲ್ಲ ಎಂದೆ. ಅಪ್ಪ ಎರಡನೆಯ ಮಾತು ಕೇಳಲಿಲ್ಲ. “ಆಗಲಿ ಬಿಡು. ಕುರಿ ಹಿಂದ ಒಂದು ಕೈ ಹೆಚ್ಚಾತು” ಎಂದ. ದಸರೆಯಾದ ಮೇಲೆ ಕುರಿ ಹೊಡೆದುಕೊಂಡು ಭೀಮೆಯ ದಂಡೆಯ ಹೊಲಗಳಿಗೆ ಹೋಗುವಾಗ ನಾನೂ ಜೊತೆಗೆ ಎಂದು ಮಾತಾಯಿತು. ಹಾಗೆ ಒಮ್ಮೆ ಹೊರಟರೆ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ. ಅದು ಗೊತ್ತಿದ್ದೂ ಸುಮ್ಮನಿದ್ದೆ.

ಒಂದು ರವಿವಾರ ನಾನು ಅಂಗಳ ಗುಡಿಸುತ್ತಿದ್ದಾಗ ಬಾಯಾರು ಬಸ್‌ಸ್ಟಾಪಿನ ಕಡೆಯಿಂದ ನಡೆದು ಬಂದರು. ಸೀರೆಯ ನಿರಿಗೆ ಎತ್ತಿ ಹಿಡಿದಿದ್ದರು, ಕೆಸರು ಮೊಣಕಾಲಿನವರೆಗೆ ಏರಿತ್ತು, ಛತ್ರಿ ಇರಲಿಲ್ಲ. ಅಪ್ಪ ಕುರಿಗಳ ಜೊತೆ ಹೋಗಿದ್ದ, ಅವ್ವ ಹೊಲದಲ್ಲಿದ್ದಳು. ಮನೆಯಲ್ಲಿ ನಾನು ಮತ್ತು ನಮ್ಮ ಆಯಿ, ಎಂದರೆ ಅಪ್ಪನ ತಾಯಿ. ಆಯಿ ಲಗುಬಗೆಯಿಂದ ಕಂಬಳಿ ಹಾಸಿ ಅವರನ್ನು ಕೂರಿಸಿದಳು. ನಮ್ಮಲ್ಲಿ ದೊಡ್ಡವರಿಗೆ ಕೊಡುವ ಮರ್ಯಾದೆ ಅದೇ. ಕಂಬಳಿ ಎಂದರೆ ಬೀರೋಬಾನ ಪೀಠವಿದ್ದಂತೆ, ಅದರ ಮೇಲೆ ಯಾರನ್ನೆಂದರೆ ಅವರನ್ನು ಕೂರಿಸುವುದಿಲ್ಲ.

ಬಾಯಾರು ಖಟಿರೊಟ್ಟಿ, ಶೇಂಗಾ ಹಿಂಡಿ ತಿಂದರು. ಮಜ್ಜಿಗೆ ಕುಡಿದರು. ಬುಟ್ಟಿ ಎತ್ತಿ ಮರಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಆಯಿಯ ಎದುರಿಗೆ ನಾನು ಬಾಯಿ ಬಿಡಲಿಲ್ಲ. ಆಯಿ ಅರ್ಥ ಮಾಡಿಕೊಂಡಳೋ ಏನೋ, ನೀರು ತರುತ್ತೇನೆಂದು ಹೊರಗೆ ಹೋದಳು. ಆಗ ನನ್ನ ಸಿಟ್ಟು ಕಟ್ಟೆಯೊಡೆಯಿತು.

“ಆಕಿ ಹಂಗ ಅಂದಾಗ ನೀವು ಕರೆಕ್ಟ್ ಐತಿ ಅಂದ್ರಿ, ಬಾಯಾರ” ಎಂದೆ.

“ಅಂದೆ. ವಾಕ್ಯ ಕರೆಕ್ಟ ಇತ್ತು. ಕುಂದರು ಅಂದಿದ್ನೇನು?”

ನಾನು ತಲೆ ಎತ್ತಿ ಅವರನ್ನು ನೋಡಿದೆ.

“ಗಂಟಿ ಹೊಡಿಯೂತನಾ ನಿಂತಿದ್ಲು. ನೀ ತಲಿ ಎತ್ತಿದ್ರ ಕಾಣತಿತ್ತು. ಆ ವಾಕ್ಯ ಆಕಿ ಮನೀದಲ್ಲ, ನಿಮ್ಮ ಮನೀದು. ಮಂದಿ ಮನಿ ವಾಕ್ಯ ತಂದ್ರ ನಾ ಹೆಂಗ ಕುಂದ್ರಸಲಿ?” ಎಂದರು. ಮಜ್ಜಿಗೆಯ ಲೋಟ ಬದಿಗೆ ಸರಿಸಿ, “ಆದ್ರೂ ನಾ ಅವತ್ತ ಒಂದು ಮಾತು ಬಿಡಸಿ ಹೇಳಬೇಕಾಗಿತ್ತು. ತಪ್ಪಾತು. ನೀ ನಾಳೆ ಬಾ, ನಿಮ್ಮ ಮನಿ ವಾಕ್ಯ ನೀ ಹೇಳು. ವಾಸನಿಗೆ ನಾಚೂದೇನು?” ಎಂದರು.

ನನ್ನ ಕಣ್ಣು ತುಂಬಿತು, ಸಿಟ್ಟು ಮಾತ್ರ ಪೂರ್ತಿ ಇಳಿಯಲಿಲ್ಲ. ವಾಸನೆಗೆ ನಾಚಬೇಡ ಎನ್ನುವುದು ಸೊಲ್ಲಾಪುರದ ವಾಡೆಯಲ್ಲಿ ಇರುವವರಿಗೆ ಸುಲಭ ಎಂದು ಒಳಗೊಳಗೇ ಅಂದುಕೊಂಡೆ.

ಬಾಯಾರು ಹೊರಡುವಾಗ ಮೋಡ ಕವಿದಿತ್ತು. ಆಯಿ ಒಳಗಿನಿಂದ ಹೊಸ ಕಂಬಳಿಯೊಂದನ್ನು ತಂದಳು. ಆಕೆಯೇ ನೂತ ಉಣ್ಣೆ, ನಮ್ಮ ಕಾಕಾ ನೇಯ್ದದ್ದು. “ಬಾಯಾರ, ಇಷ್ಟ ದೂರ ನಮ್ಮ ಹುಡುಗಿ ಸಲುವಾಗಿ ಬಂದೀರಿ. ಬ್ಯಾಡ ಅನಬ್ಯಾಡ್ರಿ. ಇದು ಮೈಮ್ಯಾಲಿದ್ರ ಛತ್ರಿ ಬೇಕಾಗೂದಿಲ್ಲ” ಎಂದು ತಾನೇ ಅವರ ಹೆಗಲಿಗೆ ಹೊದಿಸಿದಳು. ನಮ್ಮಲ್ಲಿ ಕಂಬಳಿಯನ್ನು ಬಿಸಿಲಿಗೆ ಹಾಕುತ್ತೇವೆ, ಝಾಡಿಸುತ್ತೇವೆ, ಮತ್ತೆ ಮಡಚಿಡುತ್ತೇವೆ. ಒಗೆಯಬೇಡಿ ಎಂದು ಹೇಳುವುದು ಆಯಿಗೆ ಹೊಳೆಯಲೇ ಇಲ್ಲ. ಕಂಬಳಿಯನ್ನು ಸೋಡಾ ಹಾಕಿ ಒಗೆಯುವವರೂ ಲೋಕದಲ್ಲಿದ್ದಾರೆ ಎಂದು ಆಕೆಗೆ ಗೊತ್ತಿದ್ದರೆ ತಾನೆ.

ನಾನು ಶಾಲೆಗೆ ಹೋದೆ. ಆಯಿ ದೂಡಿದಳು, ಹೋದೆ. ಅದೇ ಹಿಂದಿನ ಬೆಂಚು, ಅದೇ ಕಿಟಕಿ. ನನ್ನ ವಾಕ್ಯವನ್ನು ಹೇಳಲೂ ಇಲ್ಲ, ಬಾಯಾರು ಕೇಳಲೂ ಇಲ್ಲ. ದಸರೆ ಬರಲಿ, ಅಪ್ಪನ ಹಿಂದೆ ಹೋದರಾಯಿತು ಎಂಬ ಲೆಕ್ಕ ನನ್ನೊಳಗೆ ಇದ್ದೇ ಇತ್ತು.

ದಸರೆಗೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಜೋರು ಮಳೆ ಹಿಡಿಯಿತು. ಮೊದಲ ತಾಸೇ ಇಂಗ್ಲಿಷ್. ಬಾಯಾರು ಬಸ್‌ಸ್ಟ್ಯಾಂಡಿನಿಂದ ಕಂಬಳಿ ಹೊದ್ದು ನಡೆದು ಬಂದು ನೇರ ತರಗತಿಯೊಳಗೇ ಕಾಲಿಟ್ಟರು. ಕಂಬಳಿ ತೆಗೆದು ಮೇಜಿನ ಮೇಲೆ ಹಾಕಿದಾಗ ನಮಗೆ ಕಂಡದ್ದನ್ನು ನಂಬುವುದೇ ಕಷ್ಟವಾಯಿತು. ಅವರು ಎಡಗಡೆಗೆ ಪೂರ್ತಿ ತೊಯ್ದಿದ್ದರು. ಎಡ ತೋಳಿನಿಂದ ನೀರು ಇಳಿಯುತ್ತಿತ್ತು, ಸೀರೆ ಮೈಗೆ ಅಂಟಿತ್ತು. ಬಲಗಡೆ ಮಾತ್ರ ಇಸ್ತ್ರಿಯ ಗೆರೆಯೂ ಅಳಿಸಿರಲಿಲ್ಲ. ಯಾರೋ ಅವರನ್ನು ನಡುವೆ ಗೆರೆ ಎಳೆದು ಅರ್ಧ ಮಾತ್ರ ನೀರಿನಲ್ಲಿ ಅದ್ದಿದ ಹಾಗಿತ್ತು.

ಅಷ್ಟರಲ್ಲಿ ವಾಸನೆ ಎದ್ದಿತು. ಒದ್ದೆ ಉಣ್ಣೆಯ ವಾಸನೆ ಗೊತ್ತಿದ್ದವರಿಗೇ ಗೊತ್ತು. ಮಳೆಗೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಅದು ಮೂಲೆಮೂಲೆ ಹೊಕ್ಕಿತು. ತಲೆಗಳೆಲ್ಲ ಹಿಂದಿನ ಬೆಂಚಿನ ಕಡೆ ತಿರುಗಿದವು. ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು ನನಗೆ.

“ಆ ಕಡೆ ಯಾಕ ನೋಡತೀರಿ? ವಾಸನಿ ನಂದು” ಎಂದರು ಬಾಯಾರು. ತಲೆಗಳು ಮುಂದಕ್ಕೆ ತಿರುಗಿದವು.

ಅವರು ಒದ್ದೆ ತೋಳನ್ನು ಸೆರಗಿನಿಂದ ಒರೆಸಿಕೊಂಡು ಹೇಳಿದರು. “ಈ ಕಂಬಳಿ ನನಗ ಕರಜಗಿಯೊಳಗ ಮರ್ಯಾದಿ ಮಾಡಿ ಕೊಟ್ಟಿದ್ದು. ಅಲ್ಲಿ ಕುಂತು ನಾ ದೊಡ್ಡಾಕಿ ಆಗಿ, ವಾಸನಿಗೆ ನಾಚಬ್ಯಾಡ ಅಂತ ಬುದ್ಧಿ ಹೇಳಿದೆ. ಸೊಲ್ಲಾಪುರಕ್ಕ ಹೋಗಿ ಏನು ಮಾಡಿದೆ ಗೊತ್ತೇನು? ವಾಡೇದಾಗ ಬಾಜೂಕಿನವರು ಏನಂದಾರು ಅಂತ ಬಿಸಿನೀರಾಗ ಸೋಡಾ ಹಾಕಿ ಒಗದೆ. ಬಕೆಟ್ ಸಣ್ಣದು, ಅರ್ಧ ಅಷ್ಟ ಮುಣಗಿತು. ಆ ಅರ್ಧದಾಗಿನ ವಾಸನಿ ಆದ್ರೂ ಹೋತೇನು? ಇಲ್ಲ, ಇಲ್ಲೇ ಐತಿ. ಮಳಿ ತಡಿಯೂ ಜಿಡ್ಡು ಅಷ್ಟ ಹೋತು. ಇನ್ನ ಅರ್ಧ ನಾ ಮುಟ್ಟಿಲ್ಲ. ನೋಡ್ರಿ, ಹನಿ ಒಳಗ ಬಂದಿಲ್ಲ.”

ತರಗತಿಯಲ್ಲಿ ಯಾರೂ ನಗಲಿಲ್ಲ. ದೊಡ್ಡವರೊಬ್ಬರು ತಮ್ಮ ನಾಚಿಕೆಯನ್ನು ಹೀಗೆ ಎಲ್ಲರ ಮುಂದೆ ಹಾಸಿಡುವುದನ್ನು ನಾವು ನೋಡಿರಲಿಲ್ಲ. ನನ್ನೊಳಗೆ ಉಳಿದಿದ್ದ ಸಿಟ್ಟು ಯಾವಾಗ ಕರಗಿತೋ... ನಾನು ಎದ್ದು ನಿಂತಿದ್ದೆ. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ. ನಮ್ಮ ಮನೆಯಲ್ಲಿ ಕುರಿಯ ವಾಸನೆ ಎಲ್ಲದರೊಳಗೂ ಪರ್ಮಿಯೇಟ್ ಆಗುತ್ತದೆ, ಮಳೆ ಯಾವುದರೊಳಗೂ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನಡುವೆ ಒಂದು ಕಡೆ ತೊದಲಿದೆ.

ಬಾಯಾರು ನನ್ನ ಕಡೆ ತಿರುಗಿದರು. ಅವರ ಎಡಗೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ನಿಂದ ಐತಿ. ಕುಂದರು.”

ಕೂತೆ. ಅಷ್ಟು ಹಗುರಾಗಿ ಆ ಬೆಂಚಿನ ಮೇಲೆ ನಾನು ಹಿಂದೆಂದೂ ಕೂತಿರಲಿಲ್ಲ. ಕ್ಲಾರ್ಕರ ಮಗಳು ಬಿಡುವಿನಲ್ಲಿ ಬಂದು, ತಾನು ಎಂದೂ ಕುರಿಮರಿ ಎತ್ತಿಕೊಂಡಿಲ್ಲ, ಒಮ್ಮೆ ಬರಲೇ ಎಂದು ಕೇಳಿದಳು. ಕ್ಷಮಿಸು ಎನ್ನಲು ಬಾರದವರು ಹೀಗೇ ಏನಾದರೂ ಕೇಳುತ್ತಾರೆ. ಬಾ ಎಂದೆ.

ಆ ಸಂಜೆ ಅಪ್ಪನಿಗೆ ನಿಜ ಹೇಳಿದೆ. ಯಾಕೆ ಶಾಲೆ ಬಿಟ್ಟಿದ್ದೆ, ಯಾಕೆ ಈಗ ಬಿಡುವುದಿಲ್ಲ, ಎರಡನ್ನೂ. ಅಪ್ಪ ಬಹಳ ಹೊತ್ತು ರುಮಾಲಿನ ತುದಿಯನ್ನು ತಿರುವುತ್ತ ಕೂತ. ಅವನಿಗೆ ನೋವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ, “ಗೂಟ ಬ್ಯಾರೆ ಕಡೆ ಹೊಡದು ಕೊಡತೀನಿ” ಎಂದ. ದಸರೆಯಾದ ಮೇಲೆ ಕುರಿಗಳ ಜೊತೆ ಅವನೊಬ್ಬನೇ ಹೋದ. ಹೋಗುವ ಮೊದಲು ನನ್ನ ಬಟ್ಟೆಗೆ ಪಡಸಾಲೆಯ ಗೋಡೆಯಲ್ಲಿ ಹೊಸ ಗೂಟ ಹೊಡೆದಿದ್ದ.

ಬಾಯಾರು ಕಂಬಳಿಯನ್ನು ಹೊತ್ತುಕೊಂಡು ಮತ್ತೊಂದು ರವಿವಾರ ಬಂದರು. ಆಯಿ ಒಗೆದ ಅರ್ಧವನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ನಗುವೋ ಅಳುವೋ ತಿಳಿಯದ ಮುಖ ಮಾಡಿದಳು. ಕುರಿಯ ಜಿಡ್ಡು ಮತ್ತೆ ಹಾಕಲು ಬರುವುದಿಲ್ಲ ಎಂದಳು. ಹುಣಸೆ ಬೀಜ ಅರೆದು ಗಂಜಿ ಕಾಸಿದಳು. ಬಾಯಾರು ಸೆರಗು ಸೊಂಟಕ್ಕೆ ಕಟ್ಟಿಕೊಂಡು ಆಕೆಯ ಜೊತೆ ಕೂತು ಅಂಗೈಯಿಂದ ಸವರಿದರು. ಜೋರು ಮಳೆಯನ್ನು ತಡೆಯದಿದ್ದರೂ ಜಿಟಿಜಿಟಿ ಮಳೆಗೆ ಅಡ್ಡಿಯಿಲ್ಲ ಎಂಬಷ್ಟಾಯಿತು. ಅಲ್ಲಿಂದ ಮುಂದೆ ಪ್ರತಿ ಮಳೆಗಾಲದಲ್ಲೂ ಅವರು ಅದೇ ಕಂಬಳಿಯಲ್ಲಿ ಬಂದರು, ಒಗೆಯದ ಅರ್ಧವನ್ನು ಗಾಳಿ ಬೀಸುವ ಕಡೆಗೆ ಮಾಡಿಕೊಂಡು. ಒಮ್ಮೆ ಅದನ್ನೂ ಬಸ್ಸಿನಲ್ಲಿ ಬಿಟ್ಟರು. ಛತ್ರಿಗಳಂತೆ ಅದು ಯಾತ್ರೆಗೇನೂ ಹೋಗಲಿಲ್ಲ. ಕಂಡಕ್ಟರನೇ ಶಾಲೆಗೆ ತಂದುಕೊಟ್ಟ, ವಾಸನೆಯಿಂದಲೇ ಯಾರದೆಂದು ತಿಳಿಯಿತಂತೆ.

ನಾನು ಹತ್ತನೆಯದು ಪಾಸಾದೆ, ಕಾಲೇಜು ಮುಗಿಸಿದೆ. ಈಗ ಸೊಲ್ಲಾಪುರದ ಒಂದು ಟಾವೆಲ್ ಕಾರಖಾನೆಯ ಆಫೀಸಿನಲ್ಲಿ ಕೂತು ಪರದೇಶದ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತೇನೆ. ನಮ್ಮ ಟಾವೆಲು ಎಷ್ಟು ಬೇಗ ನೀರು ಹೀರುತ್ತದೆ ಎಂದು ಹೊಗಳುವುದೇ ನನ್ನ ಕೆಲಸ. ಕಂಬಳಿಯ ಮನೆಯಲ್ಲಿ ಹುಟ್ಟಿದವಳಿಗೆ ಎಂಥ ನೌಕರಿ ನೋಡು ಎಂದು ಬಾಯಾರು ಚೇಷ್ಟೆ ಮಾಡುತ್ತಿದ್ದರು. ನಿವೃತ್ತರಾದ ಮೇಲೆ ಅವರ ವಾಡೆಗೆ ಹೋದಾಗಲೆಲ್ಲ ಆ ಕಂಬಳಿ ಬಾಗಿಲ ಪಕ್ಕದಲ್ಲೇ, ಬಂದವರಿಗೆಲ್ಲ ಕಾಣುವ ಹಾಗೆ ನೇತಾಡುತ್ತಿತ್ತು. ಹೋದ ವರ್ಷ ಅವರು ತೀರಿಕೊಂಡರು. ಅವರ ಸೊಸೆ ಕಂಬಳಿಯನ್ನು ಮಡಚಿ ನನ್ನ ಕೈಗಿಟ್ಟು, “ಅತ್ತಿಯವರು ನಿಮಗ ಕೊಡು ಅಂದಿದ್ರು. ಒಗಿಬಾರದಂತ” ಎಂದಳು. ಅವತ್ತು ನಾನು ಅಳಲಿಲ್ಲ. ಮನೆಗೆ ಬಂದು ಕಪಾಟಿನಲ್ಲಿಟ್ಟೆ.

ಮೊನ್ನೆ ಅದೇ ಕಂಬಳಿ ಕುರ್ಚಿಯ ಮೇಲಿತ್ತು. ಹತ್ತಿರ ಹೋಗಿ ನೋಡಿದೆ. ಒಂದು ಅರ್ಧದ ಮೇಲೆ ಮಳೆ ಮಣಿಮಣಿಯಾಗಿ ನಿಂತಿತ್ತು, ಕೊಡವಿದರೆ ಉದುರುವಷ್ಟು. ಇನ್ನೊಂದು ಅರ್ಧ ತೊಯ್ದು ಭಾರವಾಗಿ ಕೆಳಗೆ ನೀರು ಬಿಟ್ಟಿತ್ತು. ಮಗಳು ಡ್ರೈಕ್ಲೀನಿಂಗ್‌ಗೆ ಕೊಡೋಣ ಎಂದಳು. ಬೇಡ ಎಂದೆ, ಕಾರಣ ಹೇಳಿದೆ, ಈಗ ಇಲ್ಲಿ ಬರೆದದ್ದನ್ನೆಲ್ಲ. ಅವಳು ಓದುವುದು ಮರಾಠಿ, ಇಂಗ್ಲಿಷು. ಕನ್ನಡ ಮಾತು ಬರುತ್ತದೆ, ಅಕ್ಷರ ತಡವರಿಸುತ್ತದೆ. ಕರಜಗಿಗೆ ಹೋದರೆ ಮರಿಗಳನ್ನು ದೂರದಿಂದಲೇ ನೋಡುವವಳು. ಮೂಗು ಹಿಡಿದಿದ್ದ ಕೈ ಕಥೆಯ ನಡುವೆ ಯಾವಾಗ ಇಳಿಯಿತೋ ನಾನು ಗಮನಿಸಲಿಲ್ಲ. ಒಗೆಯದ ಅರ್ಧದ ಮೇಲೆ ಒಂದು ಹನಿಯನ್ನು ಬೆರಳಿನಿಂದ ಆ ಕಡೆ ಈ ಕಡೆ ಉರುಳಿಸುತ್ತ ಕೂತಿದ್ದಳು.

ನಾನು ಕಿಟಕಿಯ ಬಳಿ ಹೋಗಿ ನಿಂತೆ. ಹೊರಗೆ ಮಳೆ ಇನ್ನೂ ಹೊಯ್ಯುತ್ತಿತ್ತು. ಬಾಯಾರು ಈ ಮನೆಯೊಳಗೆಲ್ಲ ಪರ್ಮಿಯೇಟ್ ಆಗಿದ್ದಾರೆ ಎಂಬ ಒಂದು ವಾಕ್ಯ ಇಂಗ್ಲಿಷಿನಲ್ಲಿ ತಾನಾಗಿ ಬಾಯಿಗೆ ಬಂತು. ಮೆಲ್ಲಗೆ ಹೇಳಿದೆ. ಹೇಳಿ ಸುಮ್ಮನೆ ನಿಂತೆ. ಹಳೆಯ ರೂಢಿ... ಅವರು ಒಂದು ಮಾತು ಹೇಳುವವರೆಗೆ ನಿಂತಿರಬೇಕಲ್ಲ. ಅದನ್ನು ಹೇಳುವ ಸ್ವರ ಇನ್ನು ಕೇಳಿಸುವುದಿಲ್ಲ ಎಂದು ಆಗ ನಿಜವಾಗಿ ತಿಳಿಯಿತು, ಅಳು ಬಂತು.

ಎಷ್ಟು ಹೊತ್ತು ನಿಂತಿದ್ದೆನೋ. ಮಗಳು ಹಿಂದಿನಿಂದ ಬಂದು ಆ ಒದ್ದೆ ಕಂಬಳಿಯನ್ನು ಕುರ್ಚಿಯಿಂದ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ಕುರ್ಚಿಯನ್ನು ನನ್ನ ಕಡೆ ಎಳೆದಳು.

“ಎಷ್ಟೊತ್ತು ನಿಂದರ್ತಿ ಮಮ್ಮಿ. ಕುಂದರು.”

ಕೂತೆ.